ಬೆರಳ ತುದಿಯ ಹಿಟ್ಟು

"ಈ ಮನೇಲಿ 'ಇಲ್ಲ' ಅನ್ನೋ ಮಾತು ಯಾರ ಬಾಯಲ್ಲಾದ್ರೂ ಬರುತ್ತಾ?"

ಅಮ್ಮ ಇದನ್ನು ಕೇಳಿದ್ದು ಯಾರನ್ನೂ ಅಲ್ಲ. ಖಾಲಿ ತಟ್ಟೆಯನ್ನು ಎದುರಿಗೆ ಹಿಡಿದುಕೊಂಡು ಗೋಡೆಯನ್ನು ಕೇಳಿದಳು. ಬೆಳಿಗ್ಗೆ ಆ ತಟ್ಟೆಯ ತುಂಬ ಬನ್ನುಗಳಿದ್ದವು. ಶಾಲೆಗೆ ಹೋಗುವ ಮಕ್ಕಳು ಬೇಕರಿಯ ಬಾಗಿಲಲ್ಲಿ ನಿಂತು "ಅಜ್ಜೀ" ಎಂದು ರಾಗ ಎಳೆದಿದ್ದರು, ಅಷ್ಟೇ. ಹೋದ ವಾರ ಹೀಗೇ ಛತ್ರಿ ಹೋಗಿತ್ತು. ಅದಕ್ಕೂ ಮೊದಲು ಏಣಿ. ಏಣಿ ಈಗ ಯಾರ ಮನೆಯಲ್ಲಿದೆ ಎನ್ನುವುದು ಕೊಟ್ಟ ಅಜ್ಜಿಗೂ ನೆನಪಿರಲಿಲ್ಲ.

"ಪಾಪ, ಮಕ್ಕಳು ಕಣಮ್ಮ," ಎಂದಳು ಅಜ್ಜಿ ಒಳಗಿನಿಂದ.

"ಏಣಿ ಇಸ್ಕೊಂಡು ಹೋದವರಿಗೆ ಮೀಸೆ ಇತ್ತು ಅತ್ತೆ."

ಮೆಟ್ಟಿಲ ಮೇಲೆ ಕೂತು ಷೂ ಕಟ್ಟಿಕೊಳ್ಳುತ್ತಿದ್ದ ಅಕ್ಕ ಕಿಸಕ್ಕೆಂದಳು. ಅವಳಿಗೆ ಹದಿನಾಲ್ಕು. ಅವಳ ಪಕ್ಕದಲ್ಲಿ, ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ಬೋಳು ತಲೆಗೆ ನೀಲಿ ಟೋಪಿ ಹಾಕಿಕೊಂಡು ಕೂತಿದ್ದವಳು ತಂಗಿ. ಏಳು ವರ್ಷದ ಅವಳನ್ನು ಬೀದಿಯೆಲ್ಲ ಬಟಾಣಿ ಎಂದೇ ಕರೆಯುತ್ತಿತ್ತು. ಹುಟ್ಟಿದಾಗ ದುಂಡಗಿದ್ದಳು, ಹೆಸರು ಹಾಗೇ ಉಳಿಯಿತು. ದುಂಡಗಿರುವುದು ಮಾತ್ರ ಉಳಿಯಲಿಲ್ಲ. ಬಟಾಣಿಗೆ ರಕ್ತದ ಕ್ಯಾನ್ಸರ್. ಒಮ್ಮೆ ವಾಸಿಯಾಗಿ, ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟ ಮೇಲೆ, ಮತ್ತೆ ಬಂದಿತ್ತು.

ಕೆಳಗೆ ಬೇಕರಿ, ಮೇಲೆ ಎರಡು ಕೋಣೆ, ಒಂದು ಅಡುಗೆಮನೆ. ಭಟ್ಟಿಯ ಬೆನ್ನಿಗೇ ಮೆಟ್ಟಿಲಿದ್ದುದರಿಂದ ಚಳಿಯಲ್ಲೂ ಮೇಲಿನ ನೆಲ ಬೆಚ್ಚಗಿರುತ್ತಿತ್ತು. ಅಪ್ಪ ಹಿಟ್ಟು ನಾದಿ ಭಟ್ಟಿ ನೋಡಿಕೊಳ್ಳುತ್ತಿದ್ದ. ಅಮ್ಮ ಗಲ್ಲಾದಲ್ಲಿ ಕೂರುತ್ತಿದ್ದಳು. ಅಜ್ಜಿ ಹುಳಿಹಿಟ್ಟು ಕಾಯುತ್ತಿದ್ದಳು. ನೀರಿನಲ್ಲಿ ಕಲಸಿ, ಹುಳಿ ಬರಿಸಿ, ದಿನವೂ ಒಂದು ಹಿಡಿ ಹೊಸ ಹಿಟ್ಟು ಉಣಿಸಿ ಸಾಕಿದ ಹಿಟ್ಟು ಅದು. ಅದರಿಂದ ಒಂದು ಮುಷ್ಟಿ ತೆಗೆದು ಬೆರೆಸಿದರೆ ಇಡೀ ಬಾನಿಯ ಹಿಟ್ಟು ಉಬ್ಬಿ ಬರುತ್ತಿತ್ತು. ಅಜ್ಜಿಗೆ ಅದು ಅವಳ ಅತ್ತೆಯಿಂದ ಬಂದದ್ದು. ಕಂದು ಬಣ್ಣದ ಜಾಡಿಯಲ್ಲಿ ಅದು ಒಂದು ದಿನವೂ ಸಾಯದೆ ಬದುಕಿತ್ತು.

ಈ ಬೇಕರಿಯಲ್ಲಿ ಗಡಿಯಾರವಿರಲಿಲ್ಲ. ಅಜ್ಜಿಯ ಪದ್ಯವಿತ್ತು.

"ಕಾಳಿಗೆ ಕಾವು ಕೊಟ್ಟವನೇ, ಕಾವಿಗೆ ಕಾಲವ ಕೊಟ್ಟವನೇ, ಕಾಲಕೆ ತಾಳ್ಮೆಯ ಕೊಡು ತಂದೆ" ಎಂದು ಶುರುವಾಗುವ ಉದ್ದನೆಯ ಪ್ರಾರ್ಥನೆ. ನಾದುವುದಕ್ಕೆ ಎರಡು ಸಲ, ಬನ್ನಿಗೆ ಮೂರು ಸಲ, ದೊಡ್ಡ ಬ್ರೆಡ್ಡಿಗೆ ಅದರ ದುಪ್ಪಟ್ಟು. ಅಪ್ಪ ಕೂಡ ಭಟ್ಟಿಯ ಮುಂದೆ ತುಟಿ ಅಲ್ಲಾಡಿಸುತ್ತಲೇ ಬೆಳೆದವನು. ಎದುರುಗಡೆ ಇನ್ನೊಂದು ಬೇಕರಿಯಿತ್ತು. ಅದರ ಯಜಮಾನರು ಗೋಡೆಗೆ ಸಾಲಾಗಿ ಗಡಿಯಾರ ತೂಗುಹಾಕಿಕೊಂಡಿದ್ದರಿಂದ ಮಕ್ಕಳಿಗೆಲ್ಲ ಗಡಿಯಾರದ ಮಾಮ. ಆ ಹುಳಿಹಿಟ್ಟು ಒಂದು ಮುಷ್ಟಿ ಕೊಡಿ ಎಂದು ಅವರು ಎಷ್ಟೋ ವರ್ಷದಿಂದ ಕೇಳುತ್ತಿದ್ದರು. ಅಜ್ಜಿ ಕೊಡದೆ ಉಳಿಸಿಕೊಂಡ ಒಂದೇ ವಸ್ತು ಅದು. ಆಗಲೂ ಇಲ್ಲ ಎಂದಿರಲಿಲ್ಲ. "ನಾಳೆ ನೋಡೋಣ" ಎನ್ನುತ್ತಿದ್ದಳು.

ಹಿಟ್ಟಿನ ರುಚಿ ನೋಡುವ ಕೆಲಸ ಮಾತ್ರ ಬಟಾಣಿಯದಾಗಿತ್ತು. ಹಲ್ಲು ಬರುವ ಕಾಲದಲ್ಲಿ ಅಳು ನಿಲ್ಲಿಸಲೆಂದು ಅಜ್ಜಿ ಬೆರಳ ತುದಿಯಲ್ಲಿ ಹುಳಿಹಿಟ್ಟು ಅದ್ದಿ ಬಾಯಿಗಿಟ್ಟಿದ್ದಳು. ಅಲ್ಲಿಂದ ಅದೇ ಅಭ್ಯಾಸವಾಯಿತು. ಬಟಾಣಿ ಚಪ್ಪರಿಸಿ, ಕಣ್ಣು ಮುಚ್ಚಿ, ದೊಡ್ಡ ಮನುಷ್ಯಳಂತೆ ತೀರ್ಪು ಹೇಳುತ್ತಿದ್ದಳು: "ಎದ್ದಿದೆ ಅಜ್ಜಿ," ಇಲ್ಲವೆ "ಇನ್ನೂ ಸ್ವಲ್ಪ ಮಲಗ್ಲಿ." ತೀರ್ಪು ತಪ್ಪುತ್ತಲೂ ಇರಲಿಲ್ಲ. ಕಾಯಿಲೆ ಬಂದ ಮೇಲೆ ಅದಕ್ಕೆ ನಿಷೇಧ ಬಿತ್ತು. ಹಸಿಯದು ಏನೂ ಬಾಯಿಗೆ ಹೋಗಬಾರದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು.

*

ಡಾಕ್ಟ್ರಮ್ಮ ಗಟ್ಟಿಯಾಗಿ ಮಾತಾಡುವವರಲ್ಲ. ಕೇಳಬೇಕೆಂದರೆ ಎದುರಿಗೆ ಕೂತವರು ಮುಂದಕ್ಕೆ ಬಾಗಬೇಕು. ಅಪ್ಪ, ಅಮ್ಮ, ಅಕ್ಕ ಮೂವರೂ ಬಾಗಿ ಕೂತಿದ್ದರು.

"ಅಕ್ಕನ ಮಜ್ಜೆ ತಂಗಿಗೆ ಪೂರ್ತಿ ಹೊಂದುತ್ತೆ. ಇದು ಎಲ್ಲರಿಗೂ ಸಿಗೋ ಅದೃಷ್ಟ ಅಲ್ಲ," ಎಂದರು. "ಬಟಾಣಿಯ ಮೂಳೆಯೊಳಗಿನ ಮಜ್ಜೆ ಮೊದಲು ಖಾಲಿ ಮಾಡ್ತೀವಿ. ಆಮೇಲೆ ಅಕ್ಕನ ಮಜ್ಜೆಯ ಕಾಂಡಕೋಶಗಳನ್ನ, ಅಂದ್ರೆ ರಕ್ತ ಹುಟ್ಟಿಸೋ ಮೂಲ ಕಣಗಳನ್ನ, ಇವಳಿಗೆ ಕೊಡ್ತೀವಿ. ಖಾಲಿ ಮಾಡೋಕೆ ಎರಡು ದಾರಿ. ಒಂದು, ಮೈಗೆಲ್ಲ ರೇಡಿಯೇಶನ್, ಜೊತೆಗೆ ಔಷಧಿ. ಇನ್ನೊಂದು, ಬರೀ ಔಷಧಿ."

"ಯಾವುದು ಗಟ್ಟಿ?" ಎಂದ ಅಪ್ಪ.

"ಈ ಥರದ ಕ್ಯಾನ್ಸರಿಗೆ ಸಾಮಾನ್ಯವಾಗಿ ರೇಡಿಯೇಶನ್ನೇ ಕೊಡೋದು. ಎಲ್ಲಾದ್ರೂ ಒಂದು ಕೆಟ್ಟ ಕಣ ಅಡಗಿದ್ರೂ ಹೊಡೆಯುತ್ತೆ. ಆದ್ರೆ ಬೆಳೆಯೋ ಮಗು. ಎತ್ತರ ಕುಗ್ಗಬಹುದು, ಕಣ್ಣಿಗೆ ಪೊರೆ ಬರಬಹುದು, ಓದು ನಿಧಾನ ಆಗಬಹುದು, ಎಷ್ಟೋ ವರ್ಷ ಆದ್ಮೇಲೆ ಬೇರೆ ಕ್ಯಾನ್ಸರ್ರೇ ಬರಬಹುದು. ಔಷಧಿನೂ ಮೃದು ಅಲ್ಲ, ಅದರಿಂದ್ಲೂ ತೊಂದರೆ ಇದೆ, ಮುಚ್ಚಿಡಲ್ಲ. ಆದ್ರೆ ಇವಳದು ತುಂಬ ಸೂಕ್ಷ್ಮವಾದ ಪರೀಕ್ಷೆ ಮಾಡಿಸಿದ್ವಿ. ಲಕ್ಷಗಟ್ಟಲೆ ಕಣದಲ್ಲಿ ಒಂದೇ ಒಂದು ಕೆಟ್ಟದ್ದಿದ್ರೂ ಕಾಣುತ್ತೆ. ಕಾಣಲಿಲ್ಲ. ಅಂಥ ಮಕ್ಕಳಿಗೆ ರೇಡಿಯೇಶನ್ ಬಿಟ್ಟು ಕಸಿ ಮಾಡಬಹುದು ಅಂತ ನಮ್ಮ ತಂಡ ಯೋಚಿಸ್ತಿದೆ. ಕಸಿಗೆ ಮುಂಚೆ ಮತ್ತೊಂದು ಸಲ ನೋಡ್ತೀವಿ. ಆಗ ಏನಾದ್ರೂ ಕಂಡ್ರೆ ರೇಡಿಯೇಶನ್ ಬೇಕೇ ಬೇಕು."

ರಾತ್ರಿಯ ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಬ್ರೆಡ್ಡು. ಬಟಾಣಿಯದನ್ನು ಅಮ್ಮ ಬೇರೆ ಪಾತ್ರೆಯಲ್ಲಿ ಬೇಯಿಸಿ, ಅಲ್ಲೇ ಉಣಿಸಿ, ಒಳಗೆ ಮಲಗಿಸಿ ಬಂದಿದ್ದಳು.

"ಭಟ್ಟಿ ಅರ್ಧ ಕಾದ್ರೆ ಬ್ರೆಡ್ಡು ನಡುವೆ ಹಸಿ ಉಳಿಯುತ್ತೆ," ಎಂದ ಅಪ್ಪ, ಮೊಟ್ಟೆ ಸುಲಿಯುತ್ತ. "ಕೊಡೋದಾದ್ರೆ ಪೂರ್ತಿ ಕಾವು ಕೊಡಬೇಕು."

"ಅವಳು ಬ್ರೆಡ್ಡಲ್ಲ ರೀ."

"ಗೊತ್ತು ಕಣೇ ನನಗೆ, ಬ್ರೆಡ್ಡಲ್ಲ ಅಂತ! ಬ್ರೆಡ್ಡು ಕೆಟ್ರೆ ಇನ್ನೊಂದು ಮಾಡ್ತೀನಿ. ಮೂರನೇ ಸಲ ಬಂದ್ರೆ ನಾನು ಯಾರ ಹತ್ರ ಹೋಗ್ಲಿ, ಹೇಳು?"

"ಬದುಕಿದ ಮೇಲೆ ಅವಳು ಬದುಕಬೇಕಲ್ಲ? ಕಣ್ಣು ಬೇಕು, ಎತ್ತರ ಬೇಕು, ಪುಸ್ತಕ ಓದಬೇಕು. ನಿಮಗೆ ಉಸಿರಾಡ್ತಿದ್ರೆ ಸಾಕು."

"ಹೌದು, ಸಾಕು! ಉಸಿರಾಡ್ತಿದ್ರೆ ಸಾಕು ನನಗೆ!"

ಸುಲಿದ ಮೊಟ್ಟೆ ಅವನ ಕೈಯಲ್ಲೇ ಪುಡಿಯಾಯಿತು. ಅಜ್ಜಿ ಒದ್ದೆ ಬಟ್ಟೆ ತಂದು ಅವನ ಮುಂದಿಟ್ಟಳು.

"ಮಜ್ಜೆ ನನ್ನದು," ಎಂದಳು ಅಕ್ಕ. "ನನ್ನ ಯಾರೂ ಕೇಳ್ತಾನೇ ಇಲ್ಲ."

"ನೀನು ಊಟ ಮಾಡು."

"ಮಜ್ಜೆ ಕೊಡೋವಾಗ ದೊಡ್ಡೋಳು, ಮಾತಾಡೋವಾಗ ಚಿಕ್ಕೋಳು. ಚೆನ್ನಾಗಿದೆ."

ಅಷ್ಟು ಬಿಗಿಯ ನಡುವೆಯೂ ಅಮ್ಮನಿಗೆ ನಗು ಬಂತು. "ಸರಿ, ಹೇಳಮ್ಮ ದೊಡ್ಡೋಳೇ."

"ಡಾಕ್ಟರ್ ಬೇಡ ಅಂದ್ರೆ ಬೇಡ, ಬೇಕು ಅಂದ್ರೆ ಬೇಕು. ಅವರು ಓದಿದಾರೆ. ಅಪ್ಪ ಸುಡ್ತಾರೆ, ಅಮ್ಮ ಅಳ್ತಾರೆ, ಇಬ್ರೂ ಓದಿಲ್ಲ."

ಮರುದಿನ ಬೆಳಿಗ್ಗೆ ಅಪ್ಪ ಭಟ್ಟಿಗೆ ಎಂದಿಗಿಂತ ಹೆಚ್ಚು ಸೌದೆ ತುರುಕಿದ. ತುಟಿ ಅಲ್ಲಾಡುತ್ತಿತ್ತು; ಆದರೆ ಪದ್ಯ ಓಡುತ್ತಿತ್ತು, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ. ಬಾಗಿಲು ತೆಗೆದಾಗ ಬ್ರೆಡ್ಡುಗಳು ಹೊರಗೆ ಇದ್ದಿಲು. ಅಮ್ಮ ಒಂದನ್ನು ಎತ್ತಿಕೊಂಡು, ಕುಯ್ದು, ಎರಡು ಹೋಳನ್ನೂ ಅವನ ಮುಂದಿಟ್ಟಳು. ನಡುವೆ ಅಂಟಂಟು ಹಸಿ.

"ಅದೂ ಇದೂ ಒಂದಾ?" ಎಂದ ಅಪ್ಪ ಸಿಡುಕಿ.

"ಒಂದು ಅಂತ ಶುರುಮಾಡಿದ್ದು ನೀವೇ."

ಆ ದಿನ ಬೀದಿಗೆ ಬ್ರೆಡ್ಡು ಸಿಗಲಿಲ್ಲ. ಮಧ್ಯಾಹ್ನ ಅಪ್ಪ ಸೈಕಲ್ ಹತ್ತಿ ಒಬ್ಬನೇ ಆಸ್ಪತ್ರೆಗೆ ಹೋದ. ಸರಕು ಹಂಚುವ ವ್ಯಾನನ್ನು ಚಿಕಿತ್ಸೆಗೆಂದು ಆಗಲೇ ಮಾರಿಯಾಗಿತ್ತು. ಡಾಕ್ಟ್ರಮ್ಮನ ಕೋಣೆಯ ಹೊರಗೆ ಕಾದು ಕೂತು, ಅವರು ಹೊರಬಂದಾಗ ಎದ್ದು ನಿಂತು ಕೇಳಿದ:

"ನಿಮ್ಮ ಮಗಳೇ ಆಗಿದ್ರೆ ಏನು ಮಾಡ್ತಿದ್ರಿ ಮೇಡಂ?"

ಅವರು ಅವನ ಕೈಗಳನ್ನು ನೋಡಿದರು. ಭಟ್ಟಿಯ ಸುಟ್ಟ ಕಲೆಗಳ ಕೈಗಳು. "ಪರೀಕ್ಷೆ ಹೀಗೇ ಶುದ್ಧವಾಗಿದ್ರೆ ರೇಡಿಯೇಶನ್ ಬಿಡ್ತಿದ್ದೆ. ಶುದ್ಧವಾಗಿಲ್ಲದಿದ್ರೆ ಕೊಡಿಸ್ತಿದ್ದೆ. ಎರಡರಲ್ಲಿ ಯಾವುದಾದ್ರೂ ನನಗೆ ನಿದ್ದೆ ಬರ್ತಿರಲಿಲ್ಲ."

ಅಪ್ಪ ಮನೆಗೆ ಬಂದು, "ಪರೀಕ್ಷೆ ಹೇಳಿದ ಹಾಗೆ," ಎಂದಷ್ಟೇ ಹೇಳಿ ಬಾನಿ ತೊಳೆಯಲು ಕೂತ. ಜಗಳ ಅಲ್ಲಿಗೆ ಮುಗಿಯಿತು.

*

ಆಸ್ಪತ್ರೆಗೆ ಸೇರಿಸುವ ಹಿಂದಿನ ದಿನ ಅಮ್ಮ, ಅಕ್ಕ ಸಾಮಾನು ತರಲು ಪೇಟೆಗೆ ಹೋಗಿದ್ದರು. ಅಪ್ಪ ಗಲ್ಲಾದಲ್ಲಿದ್ದ. ಅಜ್ಜಿ ಜಾಡಿಯ ಬಾಯಿ ಬಿಚ್ಚಿ ಹಿಟ್ಟು ಉಣಿಸುತ್ತಿದ್ದಳು. ಬಟಾಣಿ ಒಂದೊಂದೇ ಮೆಟ್ಟಿಲು ಇಳಿದು ಬಂದು ಕೊನೆಯ ಮೆಟ್ಟಿಲಲ್ಲಿ ಕೂತಳು. ಅದರಾಚೆ ಬರಬಾರದೆಂಬ ಕಟ್ಟುನಿಟ್ಟು ಅವಳಿಗೆ ಗೊತ್ತಿತ್ತು.

"ಎದ್ದಿದೆಯಾ ಅಜ್ಜಿ?"

"ಎದ್ದಿದೆ ಪುಟ್ಟಾ."

"ನೀನು ಹೇಳಿದ್ರೆ ಹೇಗೆ ಗೊತ್ತಾಗುತ್ತೆ? ನಾನು ಹೇಳಬೇಕು." ಮಾಸ್ಕ್ ಕೆಳಗೆ ಸರಿಸಿದಳು. "ಒಂದೇ ಒಂದು ಸಲ. ಬೆರಳ ತುದಿ."

"ಅಮ್ಮ ಬೈತಾಳೆ."

"ಅಮ್ಮ ಪೇಟೇಲಿದಾಳೆ."

"ನಾಳೆ ನೋಡೋಣ ಪುಟ್ಟಾ."

ಬಟಾಣಿ ಅಜ್ಜಿಯ ಮುಖವನ್ನೇ ನೋಡಿದಳು. "ನಾಳೆ ನಾನಿರಲ್ಲ ಅಜ್ಜಿ," ಎಂದಳು.

ಮಗು ಹೇಳಿದ್ದು ಆಸ್ಪತ್ರೆಗೆ ಹೋಗುವ ಮಾತು. ಅಜ್ಜಿಗೆ ಕೇಳಿಸಿದ್ದೇ ಬೇರೆ. ಬಾಗಿಲಲ್ಲಿ ನಿಂತ ಯಾರಿಗೂ ಇಲ್ಲವೆನ್ನದ ಕೈ ತಾನಾಗಿಯೇ ಜಾಡಿಯೊಳಗೆ ಹೋಯಿತು. ಬೆರಳ ತುದಿಯಲ್ಲಿ ಬಟಾಣಿ ಗಾತ್ರದ ಹಿಟ್ಟು. ಮಗು ಚಪ್ಪರಿಸಿ ಕಣ್ಣು ಮುಚ್ಚಿತು. "ಎದ್ದಿದೆ," ಎಂದಿತು.

ಆಸ್ಪತ್ರೆಗೆ ಸೇರಿ ಎರಡು ದಿನವೂ ಕಳೆದಿರಲಿಲ್ಲ, ಜ್ವರ ಬಂತು. ಮೈ ಕೆಂಡ, ತುಟಿ ನೀಲಿ. ಕಸಿಗೆಂದು ಸಿದ್ಧಮಾಡಿದ್ದ ಔಷಧಿಗಳನ್ನು ಬದಿಗಿಟ್ಟು ಬೇರೆ ಔಷಧಿ ಶುರುಮಾಡಿದರು. ರಕ್ತದೊಳಗೆ ಸೋಂಕು ಸೇರಿದೆ, ಇದು ಪೂರ್ತಿ ಹೋಗುವವರೆಗೆ ಕಸಿ ಮುಂದಕ್ಕೆ ಎಂದರು.

ಕಾರಿಡಾರಿನಲ್ಲಿ ಎಲ್ಲರೂ ನಿಂತಿದ್ದಾಗ, ಯಾರೂ ಕೇಳದಿದ್ದರೂ ಅಜ್ಜಿ ಹೇಳಿದಳು: "ನಾನು ಕೊಟ್ಟೆ. ಹುಳಿಹಿಟ್ಟು. ಒಂದು ಬೆರಳು."

ಅಪ್ಪ ಗೋಡೆಗೆ ಒರಗಿದ. ಅಮ್ಮ ಅತ್ತೆಯ ಹತ್ತಿರ ಬಂದು ನಿಂತಳು. ಕೂಗಲಿಲ್ಲ.

"ನಿಮಗೆ ಇಲ್ಲ ಅನ್ನೋಕೆ ಬರಲ್ಲ ಅಂತ ಬೀದಿಯೆಲ್ಲ ನಿಮ್ಮನ್ನ ಹೊಗಳುತ್ತೆ ಅತ್ತೆ. ಅದಕ್ಕೆ ಈಗ ಬೆಲೆ ತೆತ್ತಿದ್ದು ಯಾರು, ನೋಡಿ." ಗಾಜಿನಾಚೆ ಮಲಗಿದ್ದ ಮಗುವಿನ ಕಡೆ ಕೈ ತೋರಿಸಿದಳು. "ಹೊತ್ತು ಕಳೆದ ಹಾಗೆ ಕಾಯಿಲೆ ಮತ್ತೆ ತಲೆ ಎತ್ತಬಹುದಂತೆ. ಎತ್ತಿದ್ರೆ ರೇಡಿಯೇಶನ್ನೇ. ಇನ್ನು ನೀವು ಆಸ್ಪತ್ರೆ ಕಡೆ ಬರಬೇಡಿ."

"ಸರಿ," ಎಂದಳು ಅಜ್ಜಿ.

ಡಾಕ್ಟ್ರಮ್ಮ ಆಮೇಲೆ ಅಪ್ಪನಿಗೆ ಹೇಳಿದರು: "ಹಿಟ್ಟಿಂದಲೇ ಬಂತು ಅನ್ನೋಕಾಗಲ್ಲ. ಅಲ್ಲ ಅನ್ನೋಕೂ ಆಗಲ್ಲ. ಇಂಥ ಮಕ್ಕಳಿಗೆ ಅವರ ಹೊಟ್ಟೆಯಿಂದ್ಲೇ ಸೋಂಕು ಬರೋದುಂಟು." ಅಪ್ಪ ಅದನ್ನು ಮನೆಯಲ್ಲಿ ತಾಯಿಗೆ ಹೇಳಿದ. ಅಜ್ಜಿ ಮೊದಲನೆಯ ಮಾತನ್ನು ಮಾತ್ರ ಕೇಳಿಸಿಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. "ಅಲ್ಲ ಅಂತ ಅವರೂ ಹೇಳಲಿಲ್ಲವಲ್ಲ," ಎಂದಳು.

ಮರುದಿನ ಬೆಳಗಾಗುತ್ತಲೇ ಅಜ್ಜಿ ಜಾಡಿಯನ್ನು ಸೊಂಟಕ್ಕೇರಿಸಿಕೊಂಡು ರಸ್ತೆ ದಾಟಿದಳು. ಗಡಿಯಾರದ ಮಾಮ ಅಂಗಡಿ ಬಾಗಿಲು ಎತ್ತುತ್ತಿದ್ದರು. ಬಾಗಿಲು ಅರ್ಧಕ್ಕೇ ನಿಂತಿತು.

"ತಗೋಪ್ಪಾ. ಎಷ್ಟೋ ವರ್ಷದಿಂದ ನೀನು ಕೇಳ್ತಿದ್ದೆಯಲ್ಲ."

"ಒಂದು ಮುಷ್ಟಿ ಕೇಳಿದ್ದು ನಾನು. ಜಾಡಿ ಸಮೇತನಾ?"

"ನಮ್ಮನೇಲಿ ಇದು ಇರಬಾರದು. ಮಗು ವಾಪಸ್ ಬರುತ್ತೆ."

ಅವರು ಜಾಡಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡರು. ತಲೆ ಬಾಗಿಸಿದರು.

ಆಮೇಲೆ ಅಜ್ಜಿ ಮನೆ ತೊಳೆದಳು. ಮೇಲಿನ ಕೋಣೆಗಳ ಮೂಲೆ ಮೂಲೆಯಲ್ಲಿ ಕೂತಿದ್ದ ಹಿಟ್ಟಿನ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಕಿಟಕಿಯ ಹೂಕುಂಡಗಳನ್ನು ಕೆಳಗಿಳಿಸಿದಳು. ಅವುಗಳ ಮಣ್ಣು ಆಗದು ಎಂದಿದ್ದರು. ತೇವ ಹಿಡಿದ ಬಚ್ಚಲ ಗೋಡೆ ಕೆರೆದು ಸುಣ್ಣ ಹೊಡೆಸಬೇಕಿತ್ತು. ಏಣಿ ಬೇಕಾಯಿತು. ಬೀದಿಯ ಮನೆಮನೆಗೆ ಹೋಗಿ ಹುಡುಕಿ, ಅದನ್ನು ವಾಪಸ್ ಇಸಿದುಕೊಂಡು ಬಂದಳು. ಅಜ್ಜಿ ಕೊಟ್ಟದ್ದನ್ನು ವಾಪಸ್ ಕೇಳಿದ್ದನ್ನು ಬೀದಿ ಮೊದಲ ಸಲ ಕಂಡಿತು.

ಬೇಕರಿಗೆ ಪ್ಯಾಕೆಟ್ ಈಸ್ಟ್ ಬಂತು. ಬ್ರೆಡ್ಡು ಉಬ್ಬಿತು, ಆದರೆ ರುಚಿ ಬರಲಿಲ್ಲ. "ಏನಿದು, ಹತ್ತಿ ತಿಂದ ಹಾಗಿದೆ," ಎಂದರು ಗಿರಾಕಿಗಳು. "ಹತ್ತಿ ಒಗೆದ್ರೂ ಹಾಳಾಗಲ್ಲ, ತಗೊಳ್ಳಿ," ಎಂದಳು ಗಲ್ಲಾದಲ್ಲಿ ಕೂತಿದ್ದ ಅಕ್ಕ. ಶಾಲೆ ಮುಗಿಸಿ ಬಂದು ಈಗ ಅವಳೇ ಅಲ್ಲಿ ಕೂರುತ್ತಿದ್ದಳು.

*

ಸೋಂಕು ಇಳಿಯಲು ವಾರಗಳೇ ಹಿಡಿದವು. ಮತ್ತೆ ಪರೀಕ್ಷೆಗೆ ಮಜ್ಜೆ ತೆಗೆದರು. ಫಲಿತಾಂಶ ಬರುವ ದಿನ ಮನೆಯಲ್ಲಿ ಯಾರೂ ತಿಂಡಿ ತಿನ್ನಲಿಲ್ಲ. ಅಪ್ಪ ಹಿಟ್ಟನ್ನು ನಾದಿದ್ದೇ ನಾದಿದ. ಆಸ್ಪತ್ರೆಯಿಂದ ಅಮ್ಮನ ಫೋನು ಬಂದಾಗ ಅವನ ಕೈಯೆಲ್ಲ ಹಿಟ್ಟು. ಅಕ್ಕ ಫೋನನ್ನು ಅವನ ಕಿವಿಗೆ ಹಿಡಿದಳು.

"ಏನೂ ಇಲ್ಲವಂತೆ ರೀ. ಒಂದು ಕಣನೂ ಇಲ್ಲವಂತೆ. ರೇಡಿಯೇಶನ್ ಬೇಡವಂತೆ."

ಅಪ್ಪ ಬಾನಿಯ ಅಂಚಿಗೆ ಹಣೆ ಹಚ್ಚಿ ಅಳತೊಡಗಿದ. ಅಜ್ಜಿ ಗೋಡೆಯ ಕಡೆ ತಿರುಗಿ ಕೈ ಮುಗಿದಳು. ಪದ್ಯ ಹೇಳಲಿಲ್ಲ. ಬರೀ "ತಂದೆ, ತಂದೆ" ಎಂದಳು.

ಅಕ್ಕನನ್ನು ಒಬ್ಬಳನ್ನೇ ಕೂರಿಸಿ ಆಸ್ಪತ್ರೆಯವರು ಕೇಳಿದರು: ಇಷ್ಟ ಇದೆಯಾ, ಯಾರಾದರೂ ಒತ್ತಾಯ ಮಾಡಿದ್ದಾರಾ, ಬೇಡ ಅನ್ನಬಹುದು. ಅವಳು, "ನಾಲ್ಕು ವರ್ಷದಿಂದ ನನ್ನ ಪೆನ್ಸಿಲ್, ನನ್ನ ಹಾಸಿಗೆ, ನನ್ನ ಕಿಟಕಿ ಎಲ್ಲ ಕಿತ್ಕೊಂಡಿದಾಳೆ. ಇದೊಂದನ್ನ ನಾನಾಗಿ ಕೊಡ್ತೀನಿ," ಎಂದಳಂತೆ. ಅರಿವಳಿಕೆ ಕೊಟ್ಟು ಸೊಂಟದ ಮೂಳೆಯಿಂದ ಮಜ್ಜೆ ತೆಗೆದ ಮೇಲೆ ಎರಡು ದಿನ ಮುದುಕಿಯ ಹಾಗೆ ಬಾಗಿ ನಡೆದಳು. "ಅಜ್ಜಿ, ನಿಂಗೂ ಹೀಗೇ ನೋಯುತ್ತಾ ದಿನಾ?" ಎಂದು ಕೇಳಿದಳು. ನೋವಿನ ಬಗ್ಗೆ ಅವಳಾಡಿದ ಒಂದೇ ಮಾತು ಅದು.

ಬಟಾಣಿ ಅಷ್ಟರಲ್ಲಿ ಔಷಧಿಗಳ ಕೈಯಲ್ಲಿದ್ದಳು. ರೇಡಿಯೇಶನ್ ಇಲ್ಲವೆಂದರೆ ಸುಲಭವೆಂದು ಅಪ್ಪ ಎಣಿಸಿದ್ದ. ಅಲ್ಲವೆಂದು ಈಗ ಕಂಡ. ವಾಂತಿ, ಭೇದಿ, ಮುಟ್ಟಿದರೆ ಉರಿಯುವ ಚರ್ಮ. ಅಮ್ಮ ಆ ಗಾಜಿನ ಕೋಣೆಯೊಳಗೆ ಕುರ್ಚಿಯ ಮೇಲೇ ಮಲಗಿ, ಕುರ್ಚಿಯ ಮೇಲೇ ಎದ್ದಳು. ಬಟಾಣಿ ಎಸೆದ ಬಟ್ಟಲು ಎತ್ತಿಟ್ಟಳು, ಒರೆಸಿದಳು, ಬೈಸಿಕೊಂಡಳು. ಅವಳ ಮುಖದಲ್ಲಿ ಸಿಡುಕು ಕಂಡವರಿಲ್ಲ.

ಅಕ್ಕನ ಮಜ್ಜೆ ಒಂದು ಚೀಲದಲ್ಲಿ ಬಂತು. "ಇಷ್ಟೇನಾ?" ಎಂದಳು ಬಟಾಣಿ, ತೂಗುಹಾಕಿದ ಕೆಂಪನ್ನು ನೋಡಿ. "ಟೊಮೆಟೊ ರಸದ ಥರ ಇದೆ."

"ಇನ್ಮೇಲೆ ನಿಂಗೂ ನನ್ನ ಕೋಪ ಬರುತ್ತೆ ನೋಡ್ತಿರು," ಎಂದಳು ಅಕ್ಕ ಗಾಜಿನಾಚೆಯಿಂದ, ಫೋನಿನಲ್ಲಿ.

"ನಿನ್ನ ಮೊಡವೆ ಬರದಿದ್ರೆ ಸಾಕು."

ಅದಾದ ಮೇಲೆ ಕೆಲವು ದಿನ ಬಟಾಣಿ ಮಾತಾಡಲಿಲ್ಲ. ಬಾಯೊಳಗೆಲ್ಲ ಹುಣ್ಣು. ಸೋಂಕು ಆಗದಿರಲು ಹಗಲೆಲ್ಲ ಮತ್ತೆ ಮತ್ತೆ ಔಷಧದ ನೀರಿನಲ್ಲಿ ಬಾಯಿ ಮುಕ್ಕಳಿಸಬೇಕಿತ್ತು. ಅವಳು ಬಾಯೇ ತೆರೆಯಲಿಲ್ಲ. ನರ್ಸ್ ಕೇಳಿ ಸೋತಳು, ಅಪ್ಪ ಬೊಂಬೆ ತರುವೆನೆಂದು ಸೋತ, ಅಮ್ಮ ಕಾಲು ಹಿಡಿಯುವುದೊಂದು ಬಾಕಿ. ಒಂದು ಮಧ್ಯಾಹ್ನ ಬೇಕರಿಯ ಫೋನು ಬಡಿದುಕೊಂಡಿತು. ಎತ್ತಿದವಳು ಅಜ್ಜಿ.

"ಅತ್ತೆ," ಎಂದಳು ಅಮ್ಮ. ಕಾರಿಡಾರಿನ ಆ ಮಾತಿನ ಮೇಲೆ ಸೊಸೆ ನೇರವಾಗಿ ಅವಳನ್ನು ಕರೆದದ್ದು ಅದೇ ಮೊದಲು. "ಅವಳು ಬಾಯಿ ಮುಕ್ಕಳಿಸ್ತಿಲ್ಲ. ಇವತ್ತೆಲ್ಲ ಒಂದು ಸಲನೂ ಇಲ್ಲ. ನಿಮ್ಮ ಪದ್ಯ ಹೇಳ್ತೀರಾ? ಫೋನು ಅವಳ ಕಿವಿ ಹತ್ರ ಇಡ್ತೀನಿ."

ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಸ್ಪತ್ರೆಯ ಯಾರೋ ನೋಡುತ್ತಿದ್ದಾರೆಂಬಂತೆ ನೆಟ್ಟಗೆ ಕೂತಳು.

"ಬಟಾಣಿ, ನಾನು. ನೀರು ಬಾಯಲ್ಲಿ ಹಾಕ್ಕೋ. ಬನ್ನು ಭಟ್ಟಿಗೆ ಹೋಯ್ತು ಅಂತ ತಿಳ್ಕೋ. ಪದ್ಯ ಮುಗಿಯೋವರೆಗೆ ಬಾಗಿಲು ತೆಗೀಬಾರದು. ತೆಗೆದ್ರೆ?"

ಆ ಕಡೆಯಿಂದ ಉಸಿರಿನಂಥ ದನಿ: "ಕುಸಿಯುತ್ತೆ."

"ಹ್ಞಾ. ಕಾಳಿಗೆ ಕಾವು ಕೊಟ್ಟವನೇ..."

ಒಂದು ಅಕ್ಷರ ಓಡಿಸದೆ, ಒಂದು ಅಕ್ಷರ ನುಂಗದೆ, ಭಟ್ಟಿಯ ಮುಂದೆ ನಿಂತಂತೆ ಹೇಳಿದಳು. ಬೇಕರಿಗೆ ಬಂದ ಗಿರಾಕಿಗಳು ಬಾಗಿಲಲ್ಲೇ ನಿಂತು ಕಾದರು. ಕೊನೆಯ ಸಾಲು ಮುಗಿದಾಗ ಆ ಕಡೆ ಬಟ್ಟಲಿಗೆ ನೀರು ಉಗಿದ ಸದ್ದು ಕೇಳಿಸಿತು. ಆಮೇಲೆ ಅಮ್ಮನ ದನಿ: "ಮುಕ್ಕಳಿಸಿದಳು ಅತ್ತೆ. ಮತ್ತೆ ಸಾಯಂಕಾಲ ಮಾಡ್ತೀನಿ."

"ನಾನಿಲ್ಲೇ ಇರ್ತೀನಿ," ಎಂದಳು ಅಜ್ಜಿ.

ಅಂದಿನಿಂದ ಆ ಫೋನಿನ ಪಕ್ಕವೇ ಅವಳ ಜಾಗವಾಯಿತು. ದನಿ ಒಡೆದ ದಿನ ಬಿಸಿನೀರು ಕುಡಿದು ಹೇಳಿದಳು. ಹೀಗೇ ಇರುವಾಗ ಒಂದು ಬೆಳಿಗ್ಗೆ ಡಾಕ್ಟ್ರಮ್ಮ ಗಾಜಿನ ಕೋಣೆಗೆ ಬಂದು, ಅದೇ ಮೆತ್ತನೆಯ ದನಿಯಲ್ಲಿ, "ಬಿಳಿ ಕಣ ಏಳ್ತಿವೆ. ಅಕ್ಕನವು," ಎಂದರು. ಅಮ್ಮನಿಗೆ ಕೇಳಿಸಲಿಲ್ಲ, ಮುಂದಕ್ಕೆ ಬಾಗಿದಳು. ಅವರು ಇನ್ನೊಮ್ಮೆ ಹೇಳಿದರು. ಅಮ್ಮ ಅವರ ಕೈ ಹಿಡಿದುಕೊಂಡು, ಬಿಡುವುದನ್ನೇ ಮರೆತಳು.

*

ಬಟಾಣಿ ಮನೆಗೆ ಬಂದಾಗ ತಲೆಯ ಮೇಲೆ ಪೀಚ್ ಹಣ್ಣಿನ ಸಿಪ್ಪೆಯ ಹಾಗೆ ನವಿರು ಮೂಡಿತ್ತು. ಇನ್ನೂ ಬಹಳ ದಿನ ಜೋಪಾನ ಬೇಕು, ಈಗ ಅವಳ ಮೈ ಹಸುಗೂಸಿನ ಮೈ ಇದ್ದ ಹಾಗೆ, ಹಳೆಯ ಲಸಿಕೆಗಳೂ ಮರೆತುಹೋಗಿರುತ್ತವೆ, ಹಸಿಯದು, ಹುಳಿ ಬಂದದ್ದು, ಬೂಷ್ಟು, ಧೂಳು ಯಾವುದೂ ಸೋಕಬಾರದು ಎಂದು ಡಾಕ್ಟ್ರಮ್ಮ ಹೇಳಿ ಕಳಿಸಿದ್ದರು. ಅಮ್ಮ ಮೇಲಿನ ಕೋಣೆಗಳನ್ನು ಒಂದೊಂದಾಗಿ ನೋಡಿದಳು. ಬಚ್ಚಲ ಗೋಡೆಯ ಮೇಲೆ ಬೆರಳಾಡಿಸಿದಳು. ಕಿಟಕಿಯ ಸಂದಿ ಮುಟ್ಟಿದಳು. ಎಲ್ಲೂ ಹಿಟ್ಟಿನ ಧೂಳಿರಲಿಲ್ಲ. ಅತ್ತೆಯ ಮುಖ ನೋಡಿ, "ಏಣಿ ಸಿಕ್ತಾ?" ಎಂದಳು.

"ಸಿಕ್ತು."

"ಯಾರ ಮನೇಲಿತ್ತು?"

"ಮೀಸೆಯವರ ಮನೇಲಿ."

ಅಮ್ಮನಿಗೆ ಆಗಲೂ ನಗು ಬಂತು. ಆದರೆ ಬಟಾಣಿಯ ಊಟ, ನೀರು, ಮಾತ್ರೆ ಎಲ್ಲವನ್ನೂ ತನ್ನ ಕೈಯಲ್ಲೇ ಇಟ್ಟುಕೊಂಡಳು. ಅಜ್ಜಿ ಮಗುವಿನ ಹತ್ತಿರ ಕೂತಾಗಲೆಲ್ಲ ಯಾವುದೋ ಕೆಲಸದ ನೆಪದಲ್ಲಿ ಅದೇ ಕೋಣೆಗೆ ಬರುತ್ತಿದ್ದಳು. ಅಜ್ಜಿಗೆ ಅದು ತಿಳಿಯುತ್ತಿತ್ತು.

ಈ ನಡುವೆ ಗಡಿಯಾರದ ಮಾಮ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಹುಳಿಹಿಟ್ಟು ಸಿಕ್ಕಿತ್ತು, ಬ್ರೆಡ್ಡು ಸಿಕ್ಕಿರಲಿಲ್ಲ. "ನಿಮ್ಮ ಹಿಟ್ಟು ನನ್ನ ಒಂದು ಗಡಿಯಾರದ ಮಾತೂ ಕೇಳಲ್ಲ ಅಮ್ಮ," ಎಂದು ಬಂದು ಗೋಳಾಡಿದರು. "ನೀವೇ ಬಂದು ಒಂದು ಸಲ ಹೇಳಿಕೊಡಿ." ಅಜ್ಜಿ ಬೆಳಗಿನ ಹೊತ್ತು ರಸ್ತೆ ದಾಟಿ ಹೋಗಿ, ಅವರ ಬಾನಿಯ ಮುಂದೆ ಪದ್ಯ ಹೇಳಿ, ಹೇಳಿಸಿ ಬರತೊಡಗಿದಳು. ಅವರಿಗೆ ರಾಗ ಬರುತ್ತಿರಲಿಲ್ಲ. ಲೆಕ್ಕ ಹೇಳುವಂತೆ ಹೇಳುತ್ತಿದ್ದರು. ಆದರೂ ಬ್ರೆಡ್ಡು ಪರವಾಗಿಲ್ಲ ಎನ್ನುವಷ್ಟು ಬಂತು. ಅವರು ದಿನವೂ ಕಾಗದ ಸುತ್ತಿದ ಒಂದು ಬ್ರೆಡ್ಡನ್ನು ಈ ಮನೆಗೆ ಕಳಿಸುತ್ತಿದ್ದರು. ಅಪ್ಪ ಅದನ್ನು ಮೂಸಿ, ಮುರಿದು, ತಿಂದು, "ಇನ್ನೊಂದು ಸಾಲು ಬೇಯಬೇಕಿತ್ತು," ಎನ್ನುತ್ತಿದ್ದ.

ಅಲ್ಲಿಂದ ಬಂದ ಮೇಲೆ ಅಜ್ಜಿ ಕೆಳಗೇ ಸ್ನಾನ ಮಾಡಿ, ಸೀರೆ ಬದಲಿಸಿ, ಉಗುರಿನ ಸಂದಿಯನ್ನು ಬ್ರಷ್ಷಿನಿಂದ ಉಜ್ಜಿ, ಪದ್ಯ ಒಂದು ಸಲ ಪೂರ್ತಿ ಮುಗಿಯುವವರೆಗೆ ಸೋಪಿನಲ್ಲಿ ಕೈ ತೊಳೆದು ಮೇಲೆ ಹತ್ತುತ್ತಿದ್ದಳು.

ಆವತ್ತು ಭಾನುವಾರ. ಬೇಕರಿಗೆ ರಜೆ. ಹಿಂದಿನ ದಿನವಷ್ಟೇ ಆಸ್ಪತ್ರೆಯಿಂದ ಸುದ್ದಿ ಬಂದಿತ್ತು: ಬಟಾಣಿಯ ರಕ್ತದಲ್ಲಿ ಈಗಿರುವುದೆಲ್ಲ ಅಕ್ಕನ ಕಣಗಳೇ, ಕಾಯಿಲೆಯ ಸುಳಿವಿಲ್ಲ, ಆದರೆ ಜೋಪಾನ ಮಾತ್ರ ಮೊದಲಿನಂತೆಯೇ. ಅಪ್ಪ ಕನ್ನಡಕ ಹಾಕಿಕೊಂಡು ಮುರಿದ ಕುರ್ಚಿಗೆ ಮೊಳೆ ಹೊಡೆಯುತ್ತಿದ್ದ. ಅಕ್ಕ ಬಟಾಣಿಗೆ ಗುಣಾಕಾರ ಹೇಳಿಕೊಡುತ್ತಿದ್ದಳು. "ನನ್ನ ರಕ್ತ ಇಟ್ಕೊಂಡು ಏಳೆಂಟ್ಲೆ ಬರಲ್ಲ ಅಂದ್ರೆ ಮಾನ ಹೋಗುತ್ತೆ ಕಣೇ ನಂದು." ಅಮ್ಮ ಕಿಟಕಿಯ ಬಳಿ ಬಟ್ಟೆ ಮಡಿಸುತ್ತಿದ್ದಳು.

ಅಜ್ಜಿ ಎದುರಂಗಡಿಯಿಂದ ಬಂದು, ಕೆಳಗೆ ಬಾಗಿಲು ತೆಗೆದಳು. ಸ್ನಾನಕ್ಕೆ ಹೋಗುವ ಮೊದಲು, ಒಣಗಿದ ಟವೆಲ್ ಎಸೆಯಲು ಹೇಳಿ ಕೊನೆಯ ಮೆಟ್ಟಿಲ ಕೆಳಗೆ ನಿಂತಳು. ಬಟಾಣಿ ಮೇಲಿನ ಮೆಟ್ಟಿಲಿಗೆ ಓಡಿ ಬಂದು ಮೂಗು ಚಾಚಿದಳು.

"ಅಜ್ಜೀ! ಹುಳಿಹಿಟ್ಟು!"

ಅಜ್ಜಿ ಕೈ ನೋಡಿಕೊಂಡಳು. ತೋರುಬೆರಳ ಗೆಣ್ಣಿಗೆ ಒಂದು ಹನಿ ಹಿಟ್ಟು ಅಂಟಿತ್ತು, ಒಣಗದೆ.

"ಎದ್ದಿದೆಯಾ?" ಬಟಾಣಿ ಮೂರು ಮೆಟ್ಟಿಲು ಇಳಿದಳು. "ಆ ಮಾಮಂಗೆ ಏನು ಗೊತ್ತಾಗುತ್ತೆ ಅಜ್ಜಿ, ನಾನು ಹೇಳಬೇಕು. ನನಗೆ ಈಗ ಹುಷಾರಾಗಿದೆ. ಡಾಕ್ಟ್ರಮ್ಮನೇ ಹೇಳಿದ್ರು. ಒಂದೇ ಒಂದು ಸಲ. ಬೆರಳ ತುದಿ."

ಮೇಲೆ ಸುತ್ತಿಗೆಯ ಸದ್ದು ನಿಂತಿತು. ಅಮ್ಮ ಮಡಿಸುತ್ತಿದ್ದ ಬಟ್ಟೆಯನ್ನು ಎದೆಗೆ ಹಿಡಿದುಕೊಂಡೇ ಮೆಟ್ಟಿಲ ತಲೆಗೆ ಬಂದಳು. ಬಾಯಿ ತೆರೆದಳು. ಆದರೆ ಅತ್ತೆಯ ಕೈಯನ್ನೇ ನೋಡುತ್ತ ನಿಂತಳು.

ಅಜ್ಜಿ ಮೊಮ್ಮಗಳ ಮುಖ ನೋಡಿದಳು. ನವಿರು ಕೂದಲು, ಹೊಸದಾಗಿ ಕೆಂಪೇರಿದ ಕೆನ್ನೆ, ಆಗಲೇ ಅರ್ಧ ತೆರೆದ ಬಾಯಿ. ಕೈಯನ್ನು ನಿಧಾನವಾಗಿ ಬೆನ್ನ ಹಿಂದಕ್ಕೆ ಒಯ್ದಳು.

ಬಟಾಣಿ ಕಾದಳು. ಮುಂದೆ ಬರುವ ಮಾತು ಅವಳಿಗೆ ಗೊತ್ತಿತ್ತು, ತಾನೇ ಹೇಳಿಕೊಟ್ಟಳು. "ನಾಳೆ ನೋಡೋಣವಾ?"

"ಇಲ್ಲ," ಎಂದಳು ಅಜ್ಜಿ. "ನಾಳೇನೂ ಇಲ್ಲ. ಕೊಡಲ್ಲ."